ಉತ್ತರದ ಕಿಟಕಿ

ಕಥೆ ಬರೆದವರ ಹೆಸರು ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಆ ಕಥೆಗೆ ಚಿತ್ರ ಬರೆದವರ ಹೆಸರು ಚಿತ್ರದ ಮೂಲೆಯಲ್ಲೆಲ್ಲೋ, ಹುಲ್ಲಿನ ಗರಿಯ ಮರೆಯಲ್ಲಿಯೋ ಕುರ್ಚಿಯ ಕಾಲಿನ ಬಳಿಯಲ್ಲಿಯೋ, ಎರಡು ಅಕ್ಷರಗಳಾಗಿ ಅವಿತುಕೊಂಡಿರುತ್ತದೆ. ಕನ್ನಡ ಭಾಷೆ ಈ ವಿಷಯದಲ್ಲಿ ನಮಗಿಂತ ಉದಾರವಾದುದು. ನಾವು ಕಥೆಯನ್ನು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಒಂದೇ ಕ್ರಿಯಾಪದ ಇಬ್ಬರಿಗೂ ಸಲ್ಲುತ್ತದೆ. ಗೌರವ ಮಾತ್ರ ಇಬ್ಬರಿಗೂ ಸಮನಾಗಿ ಸಂದಿಲ್ಲ.

ಈ ಲೇಖನಕ್ಕೆ ವಸ್ತುವಾದವರೂ ತಮ್ಮ ಹೆಸರು ಬೇಡವೆಂದರು. “ಐವತ್ತು ವರ್ಷ ಮೂಲೆಯಲ್ಲಿ ಕುಳಿತವನನ್ನು ಈಗ ನಡುಮನೆಗೆ ಕರೆದರೆ ನಾಚಿಕೆಯಾಗುತ್ತದೆ ಮೇಷ್ಟ್ರೆ. ಕೋಣೆಯ ವಿಷಯ ಬರೆಯಿರಿ, ಕೆಲಸದ ವಿಷಯ ಬರೆಯಿರಿ” ಎಂದು ಅಪ್ಪಣೆ ಕೊಟ್ಟರು. ಆದುದರಿಂದ ಇಲ್ಲಿ ಅವರನ್ನು ಚಿತ್ರಕಾರರು ಎಂದಷ್ಟೇ ಕರೆಯುತ್ತೇನೆ. ಅವರು ಜಯನಗರದಲ್ಲಿ ನಮ್ಮ ನೆರೆಯವರು. ವಾರಪತ್ರಿಕೆ ಮಾಸಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯುತ್ತ ಎಪ್ಪತ್ತೆಂಟನೆಯ ವಯಸ್ಸನ್ನು ಮುಟ್ಟಿದವರು.

ಕೋಣೆ

ಜಯನಗರವೆಂದರೆ 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದ ಬಡಾವಣೆ. ಲಾಲ್‌ಬಾಗಿನ ತೆಂಕಣಕ್ಕೆ ಹೊಲ ತೋಪುಗಳಿದ್ದ ನೆಲದಲ್ಲಿ ಅಗಲವಾದ ಬೀದಿಗಳು ಬಂದುವು. ಬೀದಿಯ ಇಕ್ಕೆಲಗಳಲ್ಲಿ ಮರಗಳು ಬೆಳೆದುವು. ನಿವೇಶನ ಕೊಂಡ ಗುಮಾಸ್ತರೂ ಉಪಾಧ್ಯಾಯರೂ ಸಾಲ ಮಾಡಿ ಒಂದಂತಸ್ತಿನ ಮನೆಗಳನ್ನು ಕಟ್ಟಿಕೊಂಡರು. ಚಿತ್ರಕಾರರ ತಂದೆ ಕಟ್ಟಿಸಿದ್ದು ಅಂಥದೇ ಒಂದು ಮನೆ: ಕೆಂಪು ಗಾರೆಯ ನೆಲ, ಮುಂದೆ ಒಂದು ಪಾರಿಜಾತ, ಹಿಂದೆ ಎರಡು ತೆಂಗು. ಮನೆಯ ಹಿಂಬದಿಯಲ್ಲಿ, ಹಿಂದೆ ಸೌದೆ ಒಟ್ಟುತ್ತಿದ್ದ ಕೊಠಡಿಯೇ ಅವರ ಕಾರ್ಯಾಗಾರ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಒಂದು ಇಳಿಜಾರು ಮೇಜು, ಹಿಂದೊರಗಿಲ್ಲದ ಸ್ಟೂಲು, ಗೋಡೆಗೆ ಆತು ನಿಂತ ಮೂರು ಕಬ್ಬಿಣದ ಪೆಟ್ಟಿಗೆಗಳು, ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಇಷ್ಟೇ.

ಚಿತ್ರಕಾರನ ಕೋಣೆಗೆ ಉತ್ತರದ ಬೆಳಕು ಇರಬೇಕು ಎಂದು ಯೂರೋಪಿನ ಪುಸ್ತಕಗಳು ಹೇಳುತ್ತವೆ. ಅಲ್ಲಿ ಸೂರ್ಯ ವರ್ಷದ ನಡುಹಗಲೆಲ್ಲ ದಕ್ಷಿಣದಲ್ಲಿಯೇ ಇರುವುದರಿಂದ ಉತ್ತರದ ಕಿಟಕಿಯೊಳಕ್ಕೆ ಬಿಸಿಲು ನುಗ್ಗದು; ಬರುವುದು ಆಕಾಶದ ತಂಪು ಬೆಳಕು ಮಾತ್ರ. ನೆರಳುಗಳು ಗಳಿಗೆಗೊಮ್ಮೆ ಜಾಗ ಬದಲಾಯಿಸುವುದಿಲ್ಲ. ಚಿತ್ರಕಾರರು ಕಲಿಯುವ ದಿನಗಳಲ್ಲಿ ಈ ಮಾತನ್ನು ವೇದವಾಕ್ಯವೆಂದು ನಂಬಿ ತಂದೆಯನ್ನು ಕಾಡಿ ಗೋಡೆ ಒಡೆಸಿ ಕಿಟಕಿ ಇಡಿಸಿದರಂತೆ. ಮೊದಲ ವೈಶಾಖದಲ್ಲಿಯೇ ಭ್ರಮೆ ಕರಗಿತು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶದ ಹದಿಮೂರನೆಯ ಡಿಗ್ರಿಯಲ್ಲಿ. ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಬೆಳಗು ಬೈಗುಗಳಲ್ಲಂತೂ ಮಾರ್ಚ್ ಕೊನೆಯಿಂದಲೇ ಓರೆಯಾಗಿ ಇಣುಕುತ್ತಾನೆ. “ಪುಸ್ತಕದ ಸೂರ್ಯ ಬೇರೆ, ನಮ್ಮ ಸೂರ್ಯ ಬೇರೆ ಎಂದು ಅಂದು ತಿಳಿಯಿತು” ಎಂದು ಅವರು ನಗುತ್ತಾರೆ. ಆ ನಾಲ್ಕು ತಿಂಗಳು ಕಿಟಕಿಗೆ ಹಳೆಯ ಮಲ್ಲಿನ ಪಂಚೆಯೊಂದನ್ನು ಕಟ್ಟುತ್ತಾರೆ. ಬಿಸಿಲು ಪಂಚೆಯಲ್ಲಿ ಸೋಸಿ ಹಾಲಿನ ಬಣ್ಣವಾಗಿ ಮೇಜಿನ ಮೇಲೆ ಬೀಳುತ್ತದೆ.

ದಿನಚರಿ

ಸ್ಫೂರ್ತಿಗಾಗಿ ಕಾಯುವುದು ಕಲಾವಿದರ ಲಕ್ಷಣವೆಂದು ನಮ್ಮಲ್ಲಿ ಒಂದು ನಂಬಿಕೆ ಉಂಟು. ವಾರಕ್ಕೊಮ್ಮೆ ಹೊರಡುವ ಪತ್ರಿಕೆ ಸ್ಫೂರ್ತಿಗೆ ಕಾಯುವುದಿಲ್ಲ. ಆದುದರಿಂದ ಚಿತ್ರಕಾರರು ಬದುಕನ್ನು ಗಡಿಯಾರಕ್ಕೆ ಕಟ್ಟಿಕೊಂಡಿದ್ದಾರೆ.

ಐದು ಗಂಟೆಗೆ ಏಳುವುದು. ಬೆಳಕು ಮೂಡುವ ಹೊತ್ತಿಗೆ ಮಾಧವನ್ ಪಾರ್ಕಿನ ಕಡೆಗೋ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯ ಕಡೆಗೋ ನಡೆದು ಹೋಗುವುದು. ಜೇಬಿನಲ್ಲಿ ಅಂಗೈಯಗಲದ ಒಂದು ನೋಟುಪುಸ್ತಕ, ಒಂದು ಮೋಟು ಪೆನ್ಸಿಲು. ಹೂ ಕಟ್ಟುವವಳ ಬೆರಳು, ಸೊಪ್ಪಿನ ಕಂತೆ ಬಿಚ್ಚುವವನ ಕುಕ್ಕರುಗಾಲು, ಬೆಂಚಿನ ಮೇಲೆ ಕುಳಿತ ಮುದುಕರ ಬಾಗಿದ ಬೆನ್ನು: ಒಂದು ಬೆಳಗಿಗೆ ಹತ್ತು ಗೆರೆಚಿತ್ರ. ಮುಖಗಳನ್ನು ಅವರು ಬರೆದುಕೊಳ್ಳುವುದಿಲ್ಲ. “ಮುಖ ಸುಳ್ಳು ಹೇಳುತ್ತದೆ, ಬೆನ್ನಿಗೆ ಆ ವಿದ್ಯೆ ಬಾರದು” ಎಂಬುದು ಅವರ ಸಿದ್ಧಾಂತ. ಮನೆಗೆ ಬಂದು ಸ್ನಾನ, ತಿಂಡಿ. ಒಂಬತ್ತಕ್ಕೆ ಮೇಜಿನ ಮುಂದೆ. ಒಂದು ಗಂಟೆಗೆ ಕುಂಚ ತೊಳೆದಿಟ್ಟರೆ ಮತ್ತೆ ಅದನ್ನು ಮುಟ್ಟುವುದು ಮರುದಿನವೇ. ಮಧ್ಯಾಹ್ನ ಓದು; ಸಂಜೆ ಮನೆಯಾಕೆಯೊಂದಿಗೆ ಕಾಫಿ, ದೇವಸ್ಥಾನ, ನೆಂಟರು.

ಇಂಥ ನಿಷ್ಠೆಗೆ ನಮ್ಮ ನಾಡಿನಲ್ಲಿಯೇ ದೊಡ್ಡ ಮಾದರಿಗಳುಂಟು. ಮಲ್ಲೇಶ್ವರದಲ್ಲಿ ಬಾಳಿ 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರ ಶಿಸ್ತು ಹೆಸರಾದದ್ದು. ಅವರು ದಿನಚರಿ ಬರೆದಿಡುತ್ತಿದ್ದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಬ್ರಹ್ಮಚಾರಿಯಾಗಿಯೇ ಉಳಿದು ಕಲೆಗೆ ಮೈಯೊಪ್ಪಿಸಿದರು. ಅವರನ್ನು ನಾವು ಉದಕಮಂಡಲದ ನಿಸರ್ಗಚಿತ್ರಗಳಿಂದ ನೆನೆಯುತ್ತೇವೆ. ಆದರೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕಾಲದಲ್ಲಿ ಅವರೂ ಪುಸ್ತಕಕ್ಕೆ ಚಿತ್ರ ಬರೆದವರೇ. ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿಯವರು ಪೂರೈಸಿ, 1913ರಲ್ಲಿ ಪ್ರಕಟವಾದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ವೆಂಕಟಪ್ಪನವರ ಚಿತ್ರಗಳಿವೆ. ಅವರೊಡನೆ ಕಲಿತ ನಂದಲಾಲ ಬಸುಗಳ ಚಿತ್ರಗಳೂ ಇವೆ. ಅದೇ ನಂದಲಾಲರು ಮುಂದೆ 1930ರಲ್ಲಿ ರವೀಂದ್ರರ ಮಕ್ಕಳ ಪಾಠಪುಸ್ತಕಕ್ಕೆ ಲಿನೋ ಅಚ್ಚಿನ ಚಿತ್ರಗಳನ್ನು ಕೊರೆದುಕೊಟ್ಟರು. ಅಕ್ಷರ ಕಲಿಯುವ ಮಗುವಿನ ಪುಸ್ತಕ ತಮ್ಮ ಅಂತಸ್ತಿಗೆ ಕಡಿಮೆಯೆಂದು ಅವರಿಗೆ ತೋರಲಿಲ್ಲ.

ಇನ್ನು ಮೈಸೂರಿನ ಆರ್. ಕೆ. ಲಕ್ಷ್ಮಣರನ್ನು ಮುಂಬಯಿಯ ಕಲಾಶಾಲೆ ಸೇರಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿತು. ಡಾಕ್ಟರ್ ಶಿವರಾಮ್ ಅವರು 1942ರಲ್ಲಿ ಹೊರಡಿಸಿದ ‘ಕೊರವಂಜಿ’ ಅವರ ಚಿತ್ರಗಳನ್ನು ಅಚ್ಚುಮಾಡಿತು. ಅಣ್ಣ ನಾರಾಯಣರ ಕಥೆಗಳಿಗೂ ಅವರು ಚಿತ್ರ ಬರೆದರು. ಬಾಲ್ಯದಲ್ಲಿ ಹಿಡಿಸಿದ ಕಾಗೆಯ ಹುಚ್ಚು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ದೇಶಕ್ಕೆಲ್ಲ ವ್ಯಂಗ್ಯಚಿತ್ರಕಾರರಾಗಿ ಬೆಳೆದ ಮೇಲೂ ಕಾಗೆಗಳನ್ನು ಬರೆಯುತ್ತಲೇ ಇದ್ದರು. ಎಲ್ಲರೂ ಪ್ರತಿದಿನ ನೋಡಿ, ಯಾರೂ ನೋಡದ ಹಕ್ಕಿ ಅದು. ನಮ್ಮ ಚಿತ್ರಕಾರರ ಬೆಳಗಿನ ನೋಟುಪುಸ್ತಕಕ್ಕೂ ಆ ಕಾಗೆಗಳಿಗೂ ನಂಟುಂಟು.

ಮೂರು ಓದು

ಕಥೆ ಕೈಗೆ ಬಂದರೆ ಚಿತ್ರಕಾರರು ಅದನ್ನು ಮೂರು ಸಲ ಓದುತ್ತಾರೆ. ಮೊದಲ ಓದು ಓದುಗನದು, ಪೆನ್ಸಿಲು ಹತ್ತಿರವಿರಕೂಡದು. ಎರಡನೆಯದು ಅಮೀನನ ಓದು. ಜಪ್ತಿಗೆ ಬಂದವನಂತೆ ಮನೆಯಲ್ಲಿರುವ ಸಾಮಾನುಗಳನ್ನೆಲ್ಲ ಪಟ್ಟಿಮಾಡುವುದು. ಹೊತ್ತು ಯಾವುದು, ದೀಪ ಯಾವುದು, ಮಾಡು ಹೆಂಚಿನದೋ ಮಾಳಿಗೆಯೋ, ಸೀರೆಯ ಉಡಿಗೆ ಹೇಗೆ, ನೀರು ತರುವ ಕೊಡ ಯಾವ ಸೀಮೆಯದು. ಈ ಎಚ್ಚರಿಕೆ ಪೆಟ್ಟು ತಿಂದು ಬಂದದ್ದು. ಮೊದಲ ವರ್ಷಗಳಲ್ಲಿ ಪುತ್ತೂರಿನ ಕಡೆಯ ತೋಟದಾಳೊಬ್ಬನ ತಲೆಗೆ ಅವರು ಬಯಲುಸೀಮೆಯ ರುಮಾಲು ಸುತ್ತಿಬಿಟ್ಟರು. ವಾರದೊಳಗೆ ಆ ಊರಿನ ಓದುಗರೊಬ್ಬರ ಕಾಗದ ಬಂತು: ನಮ್ಮಲ್ಲಿ ತೋಟದವರು ಹಾಕುವುದು ಅಡಕೆ ಹಾಳೆಯ ಟೊಪ್ಪಿ, ಚಿತ್ರಕಾರರು ದಯಮಾಡಿ ಒಮ್ಮೆ ಘಟ್ಟ ಇಳಿಯಬೇಕು, ಎಂದು. ಅವರು ಇಳಿದರು. ತಮ್ಮ ಖರ್ಚಿನಲ್ಲಿ ಎಂಟು ದಿನ ತಿರುಗಿ ಎರಡು ನೋಟುಪುಸ್ತಕ ತುಂಬಿಕೊಂಡು ಬಂದರು.

ಮೂರನೆಯ ಓದು ಎಲ್ಲಕ್ಕಿಂತ ಕಷ್ಟದ್ದು. ಅದು ಕಥೆಗಾರ ಮಾತು ನಿಲ್ಲಿಸಿದ ಜಾಗಗಳನ್ನು ಹುಡುಕುವ ಓದು. “ಕಥೆಯಲ್ಲಿ ಬರೆದದ್ದನ್ನೇ ನಾನೂ ಬರೆದರೆ ಓದುಗನಿಗೆ ಒಂದೇ ಊಟ ಎರಡು ಸಲ ಬಡಿಸಿದಂತೆ. ಓದುಗನ ಕಣ್ಣು ಮೊದಲು ಬೀಳುವುದು ಚಿತ್ರದ ಮೇಲೆ. ಕಥೆಯ ಕೊನೆ ಅಲ್ಲಿ ಕಂಡುಬಿಟ್ಟರೆ ಕಥೆಗಾರನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಆದ್ದರಿಂದ ನಾನು ಬರೆಯುವುದು ಘಟನೆಗೆ ಹಿಂದಿನ ಗಳಿಗೆಯನ್ನು” ಎಂದು ವಿವರಿಸುತ್ತಾರೆ. ಅನಂತರ ವೀಳೆಯದೆಲೆಯಷ್ಟು ಅಳತೆಯ ಐದಾರು ಕರಡುಗಳು. ಅವುಗಳಲ್ಲಿ ಒಂದು ಉಳಿಯುತ್ತದೆ. ಅದನ್ನು ದೊಡ್ಡ ಹಾಳೆಗೆ ಪೆನ್ಸಿಲಿನಲ್ಲಿ ಇಳಿಸಿ, ಕಪ್ಪು ಶಾಯಿಯಲ್ಲಿ ತಿದ್ದುವುದು ಕೊನೆಯ ಕೆಲಸ.

ಗೆರೆಯ ಧರ್ಮ

ಅವರ ಗೆರೆ ಗಟ್ಟಿಯಾದದ್ದು ಅಚ್ಚುಕೂಟದ ದೆಸೆಯಿಂದ. ಆ ಕಾಲದಲ್ಲಿ ಚಿತ್ರವನ್ನು ಛಾಯಾಚಿತ್ರವಾಗಿ ತೆಗೆದು, ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿದ ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಯಿಲ್ಲದ ಭಾಗವನ್ನು ಆಮ್ಲದಲ್ಲಿ ಕೊರೆದು, ಉಳಿದ ಉಬ್ಬುಗೆರೆಗಳ ತಗಡನ್ನು ಮರದ ತುಂಡಿಗೆ ಬಡಿದು, ಅಕ್ಷರದ ಮೊಳೆಗಳ ಎತ್ತರಕ್ಕೆ ಸರಿಮಾಡಿ ಅಚ್ಚಿಗೆ ಕೂರಿಸುತ್ತಿದ್ದರು. ಇದು ಲೈನ್ ಬ್ಲಾಕು. ಛಾಯೆಗಳಿರುವ ಚಿತ್ರಕ್ಕೆ ಚುಕ್ಕೆಚುಕ್ಕೆಯ ಹಾಫ್‌ಟೋನ್ ಬ್ಲಾಕು ಬೇಕು. ಅದಕ್ಕೆ ಖರ್ಚು ಹೆಚ್ಚು, ಒರಟು ಕಾಗದದ ಮೇಲೆ ಅದು ಮಸಿಯ ಮುದ್ದೆ. ಆದ್ದರಿಂದ ಕಥೆಯ ಚಿತ್ರ ಗೆರೆಯಲ್ಲಿಯೇ ಇರಬೇಕು. ಗೆರೆಗಳು ತೀರ ಒತ್ತಾಗಿದ್ದರೆ ನಡುವೆ ಶಾಯಿ ತುಂಬಿಕೊಳ್ಳುತ್ತದೆ. ತೀರ ತೆಳುವಾಗಿದ್ದರೆ ಆಮ್ಲ ತಿಂದುಹಾಕುತ್ತದೆ. ಅಚ್ಚಾಗುವ ಅಳತೆಯ ಎರಡರಷ್ಟು ದೊಡ್ಡದಾಗಿ ಬರೆದರೆ, ಕುಗ್ಗಿಸಿದಾಗ ಕೈಯ ಸಣ್ಣ ನಡುಕಗಳು ಮಾಯವಾಗಿ ಗೆರೆ ಚುರುಕಾಗುತ್ತದೆ. ಈ ಕಟ್ಟುಪಾಡುಗಳೆಲ್ಲ ಛಂದಸ್ಸಿನಂತೆ, ಬಲ್ಲವನಿಗೆ ಕೈಕೋಳವಲ್ಲ.

ಅಚ್ಚಿನ ವಿಷಯದಲ್ಲಿ ಚಿತ್ರಕಾರರ ಹಟ ಎಲ್ಲ ದೇಶಗಳಲ್ಲಿಯೂ ಒಂದೇ. ಲೂಯಿ ಕೆರೊಲ್ಲನ ಆಲಿಸಳ ಕಥೆ 1865ರಲ್ಲಿ ಮೊದಲು ಅಚ್ಚಾದಾಗ, ಚಿತ್ರ ಬರೆದ ಜಾನ್ ಟೆನಿಯಲ್ ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಆಕ್ಷೇಪಿಸಿದ. ಅಚ್ಚಾಗಿದ್ದ ಎರಡು ಸಾವಿರ ಪ್ರತಿಗಳನ್ನೂ ಲೇಖಕ ಹಿಂದಕ್ಕೆ ತೆಗೆದುಕೊಂಡ. ಕನ್ನಡದಲ್ಲಿ ಅಷ್ಟು ಸಿರಿ ಯಾವ ಚಿತ್ರಕಾರರಿಗೂ ಒದಗಿರಲಾರದು. ಆದರೂ ಇಲ್ಲಿ ಒಂದು ಪರಂಪರೆ ಬೆಳೆಯಿತು. ಎ. ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರವನ್ನು ಕಟ್ಟಿದರು. 2023ರಲ್ಲಿ ನಮ್ಮನ್ನಗಲಿದ ಬಿ. ಕೆ. ಎಸ್. ವರ್ಮ ಅವರು ಕಲಿತದ್ದು ಅಲ್ಲಿ. 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದಲ್ಲಿ ಎಂ. ಟಿ. ವಿ. ಆಚಾರ್ಯರು ಮಹಾಭಾರತದ ಚಿತ್ರಗಳನ್ನು ಬರೆದರು. ಎಷ್ಟೋ ಮಕ್ಕಳಿಗೆ ಭೀಷ್ಮನ ಗಡ್ಡ, ಕರ್ಣನ ನಿಲುವು ಗೊತ್ತಾದದ್ದು ಕುಮಾರವ್ಯಾಸನಿಗಿಂತ ಮೊದಲು ಅವರಿಂದಲೇ. ಮುಂದೆ ಅವರು ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ನಮ್ಮ ಚಿತ್ರಕಾರರೂ ಬಾಲ್ಯದಲ್ಲಿ ಆ ಮಹಾಭಾರತದ ಚಿತ್ರಗಳ ಮೇಲೆ ಎಣ್ಣೆಕಾಗದವಿಟ್ಟು ಗೆರೆ ತೆಗೆದವರೇ.

ನನ್ನ ಕಥೆಯ ದೀಪ

ಇಲ್ಲಿ ಸ್ವಂತ ವಿಷಯವೊಂದನ್ನು ಹೇಳಬೇಕಾಗಿದೆ. 1976ರಲ್ಲಿ, ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ, ನಾನೊಂದು ಕಥೆ ಬರೆದೆ. ವಾರಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಹುಡುಗಿಯೊಬ್ಬಳು ಒಲ್ಲದ ಮದುವೆಗೆ ಹೆದರಿ ಬೆಳಗಿನ ಜಾವ ಯಾರಿಗೂ ತಿಳಿಯದಂತೆ ಮನೆ ಬಿಟ್ಟು ಹೋಗುವ ಕಥೆ. ಆಕೆಯ ಕಣ್ಣುಗಳನ್ನು ನಾನು ಎರಡು ಪ್ಯಾರಾಗಳಲ್ಲಿ ವರ್ಣಿಸಿದ್ದೆ. ಪತ್ರಿಕೆ ಕೈಗೆ ಬಂದಾಗ ನೋಡುತ್ತೇನೆ, ಕಣ್ಣಿರಲಿ, ಹುಡುಗಿಯೇ ಚಿತ್ರದಲ್ಲಿಲ್ಲ. ಅಗುಳಿ ತೆಗೆದ ಬಾಗಿಲು, ಗೋಡೆಯ ಗೂಡಿನಲ್ಲಿ ಉರಿಯುವ ಒಂದು ಹಣತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಕಥೆಯಲ್ಲಿ ದೀಪವೇ ಇರಲಿಲ್ಲ! ಗಾಯದ ಮೇಲೆ ಬರೆ ಎಳೆದಂತೆ, ಎಷ್ಟೋ ವರ್ಷ ಜನ ನನ್ನನ್ನು “ಆ ಗೂಡಿನ ದೀಪದ ಕಥೆ ಬರೆದವರು ನೀವೇ ಅಲ್ಲವೆ?” ಎಂದು ಕೇಳುತ್ತಿದ್ದರು. ಆ ಚಿತ್ರ ಬರೆದವರು ನಮ್ಮ ನೆರೆಯವರೇ ಎಂಬುದು ನಾನು ಜಯನಗರಕ್ಕೆ ಬಂದ ಮೇಲೆ ತಿಳಿಯಿತು. ಸಿಟ್ಟು ಆರಿತ್ತು, ಆದರೂ ದೀಪದ ಮಾತನ್ನು ಎತ್ತಲು ಸಂಕೋಚವಾಗಿ ಸುಮ್ಮನಿದ್ದೆ.

ಈ ವರ್ಷ ಆ ಮಾತು ತಾನಾಗಿಯೇ ಎದ್ದಿತು. ಪಕ್ಕದ ಮನೆಯನ್ನು ಒಡೆದು ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ಉತ್ತರದ ಕಿಟಕಿಯ ಎದುರಿಗೆ ಈಗ ಆಕಾಶವಿಲ್ಲ, ಗೋಡೆ. ಹಗಲಿನಲ್ಲಿಯೂ ವಿದ್ಯುದ್ದೀಪ ಹಾಕಿಯೇ ಕೆಲಸ. ಪರದೇಶದಲ್ಲಿರುವ ಮಕ್ಕಳು, ಮನೆಯನ್ನು ಕಟ್ಟಡದವರಿಗೆ ಒಪ್ಪಿಸಿ ಒಂದು ಫ್ಲಾಟು ಪಡೆಯಿರಿ, ಈ ವಯಸ್ಸಿನಲ್ಲಿ ಸೋರುವ ಮಾಳಿಗೆಯ ಚಿಂತೆ ಏಕೆ, ಎನ್ನುತ್ತಾರೆ. ಮಕ್ಕಳ ಮಾತಿನಲ್ಲಿ ತಪ್ಪೇನೂ ಇಲ್ಲ. ಒಪ್ಪಂದವಾಗಿದೆ, ಮಳೆಗಾಲ ಮುಗಿಯುತ್ತಲೇ ಮನೆ ಬಿಡಬೇಕು. ಉಳಿದಿರುವ ಪ್ರಶ್ನೆ ಆ ಮೂರು ಕಬ್ಬಿಣದ ಪೆಟ್ಟಿಗೆಗಳದು.

ಅಚ್ಚಾದ ಮೇಲೆ ಮೂಲಚಿತ್ರ ಯಾರಿಗೂ ಬೇಡದ ವಸ್ತು. ಬ್ಲಾಕುಗಳನ್ನು ಲೋಹದ ಬೆಲೆಗೆ ಮಾರುತ್ತಿದ್ದರು. ಹಾಳೆಗಳು ರದ್ದಿಗೆ ಹೋಗುತ್ತಿದ್ದುವು. ಚಿತ್ರಕಾರರು ಕಚೇರಿಗಳಿಗೆ ಅಲೆದು, ಕೆಲವು ಕಡೆ ಬೇಡಿ, ಒಂದು ಕಡೆ ಜಗಳವಾಡಿ, ತಮ್ಮ ಹಾಳೆಗಳನ್ನು ಹಿಂದಕ್ಕೆ ತಂದು ಪೆಟ್ಟಿಗೆಗಳಲ್ಲಿ ಇಟ್ಟರು. ಅವು ಸುಮಾರು ನಾಲ್ಕು ಸಾವಿರ. ಹೆಚ್ಚಿನವುಗಳ ಮೇಲೆ ಕಥೆಯ ಹೆಸರಾಗಲಿ ತಾರೀಖಾಗಲಿ ಇಲ್ಲ. ಯಾವ ಚಿತ್ರ ಯಾವ ಕಥೆಯದೆಂದು ಬಲ್ಲದ್ದು ಅವರ ನೆನಪೊಂದೇ. ಈಗ ಪ್ರತಿ ಸಂಜೆ ಕಾಫಿಯ ನಂತರ ಹತ್ತು ಹಾಳೆಗಳನ್ನು ಹೊರತೆಗೆದು ಬೆನ್ನಿನ ಮೇಲೆ ವಿವರ ಬರೆಯುತ್ತಿದ್ದಾರೆ. ದಿನಕ್ಕೆ ಹತ್ತರಂತೆ ನಾಲ್ಕು ಸಾವಿರಕ್ಕೆ ನಾನೂರು ದಿನ. ಮನೆ ಒಡೆಯುವವರು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ನಾನೂ ಸೇರಿಕೊಂಡಿದ್ದೇನೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ದಿನಕ್ಕೆ ಮೂವತ್ತು ನಲವತ್ತು ಸಾಗುತ್ತದೆ.

ಹೀಗೆ ಒಂದು ಸಂಜೆ ಎರಡನೆಯ ಪೆಟ್ಟಿಗೆಯಲ್ಲಿ ನನ್ನ ಕಥೆಯ ಚಿತ್ರ ಕೈಗೆ ಬಂತು. ಹಾಳೆಯ ಅಂಚಿನಲ್ಲಿ ಸಣ್ಣ ಪೆನ್ಸಿಲಿನ ಅಕ್ಷರ ಮಾಸಿತ್ತು: “ದೀಪ ಕಥೆಯಲ್ಲಿಲ್ಲ. ಆದರೆ ಕತ್ತಲಲ್ಲಿ ಅಗುಳಿ ಸದ್ದಾಗದೆ ತೆಗೆದದ್ದು ಹೇಗೆ? ತಾಯಿ ಎದ್ದಿದ್ದಾಳೆ.”

ನಾನು ಬಹಳ ಹೊತ್ತು ಮಾತನಾಡಲಿಲ್ಲ. ಆ ತಾಯಿಯನ್ನು ನಾನು ಕಥೆಯಲ್ಲಿ ನಿದ್ದೆ ಮಾಡಿಸಿದ್ದೆ. ಮಗಳು ಹೋಗುವುದನ್ನು ತಿಳಿದೂ ತಡೆಯದೆ, ದಾರಿ ಕಾಣಲೆಂದು ಹಣತೆ ಹಚ್ಚಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದ ತಾಯಿ ನನ್ನ ಕಥೆಯೊಳಗೆ ಇದ್ದಳೆಂಬುದು ನನಗೆ ತಿಳಿದದ್ದು ಅಂದು, ಸುಮಾರು ಐವತ್ತು ವರ್ಷಗಳ ಮೇಲೆ. ಓದುಗರು ದೀಪವನ್ನು ನೆನಪಿಟ್ಟುಕೊಂಡದ್ದು ಏಕೆಂದೂ ತಿಳಿಯಿತು.

“ಆಗಲೇ ಹೇಳಬಹುದಿತ್ತಲ್ಲ” ಎಂದೆ.

“ಹೇಳುವುದು ನಿಮ್ಮ ಕೆಲಸ ಮೇಷ್ಟ್ರೆ. ನನ್ನದು ತೋರಿಸುವುದು” ಎಂದು ಅವರು ಮುಂದಿನ ಹಾಳೆಯನ್ನು ತೆಗೆದುಕೊಂಡರು.

ಓದಿದ ಕೈ

ಈಚೆಗೆ ಒಂದು ವಾಕ್ಯ ಬರೆದುಕೊಟ್ಟರೆ ಕ್ಷಣಾರ್ಧದಲ್ಲಿ ಚಿತ್ರ ಮಾಡಿಕೊಡುವ ಯಂತ್ರಗಳು ಬಂದಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥದೊಂದು ಚಿತ್ರವನ್ನು ಚಿತ್ರಕಾರರಿಗೆ ತೋರಿಸಿದ: ಬಾವಿಯ ಕಟ್ಟೆ, ನೀರು ಸೇದುವ ಹೆಂಗಸು. ಅವರು ಕನ್ನಡಕ ಸರಿಮಾಡಿಕೊಂಡು ಶ್ರದ್ಧೆಯಿಂದ ನೋಡಿದರು. ಹೀಗಳೆಯಲಿಲ್ಲ. “ಕೈ ಪಳಗಿದೆ. ಆದರೆ ಇದು ಯಾವ ಊರಿನ ಕೊಡ?” ಎಂದು ಕೇಳಿದರು. ಹುಡುಗನಿಗೆ ಉತ್ತರ ತಿಳಿಯಲಿಲ್ಲ. “ಕಥೆ ಓದಿಲ್ಲ ಪಾಪ” ಎಂದು ಹಿಂದಕ್ಕೆ ಕೊಟ್ಟರು.

ಆ ಪೆಟ್ಟಿಗೆಗಳು ಎಲ್ಲಿಗೆ ಹೋಗಬೇಕೆಂಬುದು ಇನ್ನೂ ನಿಶ್ಚಯವಾಗಿಲ್ಲ. ಕಥೆಗಾರರ ಹಸ್ತಪ್ರತಿಗಳನ್ನು ಕಾಪಾಡಬೇಕೆಂಬ ಅರಿವು ನಮ್ಮಲ್ಲಿ ಅಷ್ಟಿಷ್ಟಾದರೂ ಹುಟ್ಟಿದೆ. ಕಥೆಯ ಚಿತ್ರಗಳೂ ಹಸ್ತಪ್ರತಿಗಳೇ ಎಂಬುದು ಇನ್ನೂ ಹೊಳೆದಿಲ್ಲ. ಹಳೆಯ ಪತ್ರಿಕೆಗಳ ಸಂಪುಟಗಳನ್ನು ಇಟ್ಟುಕೊಂಡಿರುವ ಕಾಲೇಜುಗಳು ಈ ಹಾಳೆಗಳಿಗೂ ಒಂದು ಬೀರುವಿನ ಜಾಗ ಕೊಡಬಾರದೆ? ಸಣ್ಣಕಥೆಯನ್ನು ಪಾಠಮಾಡುವ ಉಪಾಧ್ಯಾಯರು ಅದು ಮೊದಲು ಪ್ರಕಟವಾದ ಪುಟವನ್ನೂ ಒಮ್ಮೆ ಹುಡುಗರ ಮುಂದಿಟ್ಟು, ಇಲ್ಲಿ ಇನ್ನೊಬ್ಬರು ಈ ಕಥೆಯನ್ನು ಹೇಗೆ ಓದಿದ್ದಾರೆ ನೋಡಿ, ಎಂದು ಹೇಳಬಾರದೆ? ಅದಕ್ಕಿಂತ ಒಳ್ಳೆಯ ವಿಮರ್ಶೆಯ ಪಾಠ ಬೇರೆ ಸಿಕ್ಕುವುದು ಕಷ್ಟ.

ನಿನ್ನೆ ಬೆಳಗ್ಗೆ ಹೋದಾಗ ಕೋಣೆಯಲ್ಲಿ ಮೇಜು ಇರಲಿಲ್ಲ. ಅದನ್ನು ಮುಂದಿನ ಜಗಲಿಗೆ, ಪಾರಿಜಾತದ ಪಕ್ಕಕ್ಕೆ ಸಾಗಿಸಿದ್ದರು. ಪೂರ್ವದ ಬಿಸಿಲು ಹಾಳೆಯ ಮೇಲೆ ಬೀಳದಂತೆ ಕಂಬಗಳ ನಡುವೆ ಅದೇ ಮಲ್ಲಿನ ಪಂಚೆ ಕಟ್ಟಿತ್ತು. ದೀಪಾವಳಿ ಸಂಚಿಕೆಯ ಕಥೆಯೊಂದು ಬಂದಿದೆಯಂತೆ. ಒಂಬತ್ತು ಹೊಡೆಯಿತು. ಅವರು ಕುಂಚವನ್ನು ಶಾಯಿಗೆ ಅದ್ದಿದರು. ಮೂವತ್ತು ಹಾಳೆಗಳನ್ನು ಸಂಜೆಗೆ ತೆಗೆದಿಡಲು ಹೇಳಿದರು. ನಾನು ಪೆಟ್ಟಿಗೆಯ ಬಳಿಗೆ ನಡೆದೆ.